ಹಳೆಯ ಬೈಕಿಗೆ ಹಗುರ ಬ್ಯಾಟರಿಯೇ? ಮೊದಲು ವೋಲ್ಟ್ ನೋಡಿ

ಉಳ್ಳೂರಿನ ಮಳೆಗೆ ವಾರಗಟ್ಟಲೆ ನಿಂತ ನಿಮ್ಮ ಹಳೆಯ ಬೈಕು ಸೆಲ್ಫ್ ಒತ್ತಿದರೆ ಮುಲುಗುತ್ತದೆಯೇ? ಹಾಗಾದರೆ ಲಿಥಿಯಂ ಬ್ಯಾಟರಿಯ ಆಸೆ ಸಹಜ. ಅದರ ತೂಕ ಲೆಡ್-ಆಸಿಡ್ ಬ್ಯಾಟರಿಯ ಸುಮಾರು ಮೂರನೇ ಒಂದು ಭಾಗ. ಸುಮ್ಮನೆ ಇಟ್ಟರೂ ಚಾರ್ಜು ಬೇಗ ಇಳಿಯದು. ಬೈಕುಗಳಿಗೆ ಸಾಮಾನ್ಯವಾಗಿ ಬರುವುದು ಲಿಥಿಯಂ ಐರನ್ ಫಾಸ್ಫೇಟ್: 3.2 ವೋಲ್ಟಿನ ನಾಲ್ಕು ಸೆಲ್, ಒಟ್ಟು 12.8 ವೋಲ್ಟ್.

ಆದರೆ ದುಡ್ಡು ಕೊಡುವ ಮುನ್ನ ಬೈಕಿನ ರೆಗ್ಯುಲೇಟರ್ ಪರೀಕ್ಷಿಸಿ. ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಮಾಡಿ, ಈಗಿರುವ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ ಹಿಡಿಯಿರಿ. 13.8ರಿಂದ 14.4 ವೋಲ್ಟ್ ತೋರಿಸಿದರೆ ಸರಿ. 15 ದಾಟಿದರೆ ಮೊದಲು ರೆಗ್ಯುಲೇಟರ್ ಸರಿಪಡಿಸಿ. ಅಷ್ಟು ವೋಲ್ಟಿಗೆ ಲೆಡ್-ಆಸಿಡ್ ಬ್ಯಾಟರಿ ನೀರು ಕಳೆದುಕೊಂಡು ಕೆಲವು ದಿನವಾದರೂ ತಾಳುತ್ತದೆ. ಲಿಥಿಯಂ ತಾಳದು, ಬಿಸಿಯಾಗಿ, ಉಬ್ಬಿ ಹಾಳಾಗುತ್ತದೆ.

ಊರಿನಿಂದ ಜಾವಾ, ಯೆಜ್ಡಿ ತಂದವರು ಇನ್ನೊಂದನ್ನು ಗಮನಿಸಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ (1961–1996) ತಯಾರಿಸಿದ ಈ ಬೈಕುಗಳಲ್ಲಿ ಬಹುಪಾಲು 6 ವೋಲ್ಟಿನವು. 12 ವೋಲ್ಟಿನ ಬ್ಯಾಟರಿ ನೇರವಾಗಿ ಕೂಡಿಸುವಂತಿಲ್ಲ; ಚಾರ್ಜಿಂಗ್ ವ್ಯವಸ್ಥೆ, ಬಲ್ಬು, ಹಾರ್ನ್ ಎಲ್ಲವೂ ಬದಲಾಗಬೇಕು.

ಮನೆಯಲ್ಲಿರುವ ಹಳೆಯ ಚಾರ್ಜರನ್ನೂ ಬಳಸಬೇಡಿ. ಲಿಥಿಯಂಗೆಂದೇ ತಯಾರಾದದ್ದನ್ನು ಕೊಳ್ಳಿ. ಮಲ್ಟಿಮೀಟರ್ ನಿಮ್ಮಲ್ಲಿಲ್ಲದಿದ್ದರೆ ಮೆಕ್ಯಾನಿಕ್ ಬಳಿ ಕೇಳಿ. ಐದು ನಿಮಿಷದ ಕೆಲಸ, ಉಳಿಯುವುದು ದುಬಾರಿ ಬ್ಯಾಟರಿ.