ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರು ಎನ್.ಎಸ್. ರಾಮಸ್ವಾಮಿ. ದೊಡ್ಡ ದೊಡ್ಡ ಉದ್ಯಮಗಳಿಗೆ ಮ್ಯಾನೇಜರುಗಳನ್ನು ತಯಾರು ಮಾಡಬೇಕಿದ್ದ ಈ ಮೇಷ್ಟ್ರು 1970ರ ದಶಕದಲ್ಲಿ ತಲೆ ಕೆಡಿಸಿಕೊಂಡು ಕೂತದ್ದು ಎತ್ತಿನ ಗಾಡಿಯ ವಿಚಾರಕ್ಕೆ. ದೇಶದಲ್ಲಿ ಗಾಡಿಗಳೆಷ್ಟು, ಅವು ಹೊರುವ ಭಾರವೆಷ್ಟು, ನೊಗದ ಕೆಳಗೆ ಎತ್ತಿನ ಹೆಗಲು ಎಷ್ಟು ಸವೆಯುತ್ತದೆ ಎಂದೆಲ್ಲ ಲೆಕ್ಕಕ್ಕಿಳಿದರು. ಆಗ ಸಿಕ್ಕಿದ ಅಂಕಿ ಸುಮಾರು ಒಂದೂವರೆ ಕೋಟಿ ಗಾಡಿ, ಎಂಟು ಕೋಟಿ ದುಡಿಯುವ ದನ.

ಹಾಸನ ಜಿಲ್ಲೆಯ ಹಳ್ಳಿಮೈಸೂರಿನ ಕಡೆಯವರಿಗೆ ಎತ್ತಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು ಎಲ್ಲವೂ ಹಳ್ಳಿಕಾರ್ ತಳಿ ಓಡಾಡಿದ ನೆಲವೇ. ಆದರೂ ಮುಂದಿನ ಲೆಕ್ಕ ನಮ್ಮ ಕಡೆ ಎತ್ತು ಕಟ್ಟಿದವರನ್ನೂ ಬೆರಗಾಗಿಸುವಂಥದ್ದು. ಒಂದು ಎತ್ತು ಒಂದೇ ಸಮ ಎಳೆದರೆ ಹೆಚ್ಚುಕಡಿಮೆ ಅರ್ಧ ಎಚ್‌ಪಿ. ಎಂಟು ಕೋಟಿ ದನಕ್ಕೆ ನಾಲ್ಕು ಕೋಟಿ ಎಚ್‌ಪಿ. ಅದನ್ನು ವಿದ್ಯುತ್ತಿನ ಅಳತೆಗೆ ತಿರುಗಿಸಿದರೆ ಸುಮಾರು 30 ಸಾವಿರ ಮೆಗಾವಾಟ್. 1,035 ಮೆಗಾವಾಟಿನ ನಮ್ಮ ಶರಾವತಿಯಂಥ ವಿದ್ಯುದಾಗಾರಗಳು 29 ಬೇಕು ಅಷ್ಟಕ್ಕೆ. 1980ರ ಹೊತ್ತಿಗೆ ಇಡೀ ದೇಶದ ವಿದ್ಯುತ್ ಸ್ಥಾವರಗಳ ಸಾಮರ್ಥ್ಯವೂ ಹತ್ತಿರಹತ್ತಿರ ಅಷ್ಟೇ ಇತ್ತು. ಒಂದು ಕಡೆ ದೆಹಲಿಯ ಕಡತಗಳಲ್ಲಿ ಪ್ರತಿ ಯೂನಿಟ್ಟಿಗೂ ಲೆಕ್ಕವಿದ್ದ ಶಕ್ತಿ, ಇನ್ನೊಂದು ಕಡೆ ಅಷ್ಟೇ ದೊಡ್ಡದಾಗಿ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದ, ಪಂಚವಾರ್ಷಿಕ ಯೋಜನೆಗಳ ಕೋಷ್ಟಕದಲ್ಲಿ ಅಷ್ಟಾಗಿ ಕಾಣದ ಶಕ್ತಿ!

ರಾಮಸ್ವಾಮಿಯವರು ಎತ್ತುಗಳಿಗೆ ಹಾಕಿದ ಈ ಲೆಕ್ಕವನ್ನು ಅವರೇ ಕಟ್ಟಿ ಬೆಳೆಸಿದ ಸಂಸ್ಥೆಯ ಕಡೆಗೂ ತಿರುಗಿಸಿದರೆ ಹೇಗೆ? ಮ್ಯಾನೇಜ್‌ಮೆಂಟ್ ಶಾಲೆ ಎಂದರೆ ನಮಗೆ ಕಾಣುವುದು ಪ್ರೊಫೆಸರು, ವಿದ್ಯಾರ್ಥಿ, ಕೊನೆಗೆ ಪತ್ರಿಕೆಯ ಮುಖಪುಟದಲ್ಲಿ ಬರುವ ಸಂಬಳದ ಮೊತ್ತ. ಗೇಟು ಕಾಯುವವರು, ಕಸ ಗುಡಿಸುವವರು, ಅಡುಗೆಯವರು, ಆಫೀಸಿನ ಗುಮಾಸ್ತರು ಆಟಕ್ಕುಂಟು ಲೆಕ್ಕಕ್ಕಿಲ್ಲ. ಮುಂದೆ ಬರುವ ಗುಣಾಕಾರಗಳು ಸಂಸ್ಥೆಯ ದಾಖಲೆಯಿಂದ ಎತ್ತಿಕೊಂಡವಲ್ಲ, ಬಾಯಿಲೆಕ್ಕ. ಎಲ್ಲಿ ಅಂದಾಜು ಮಾಡಿದ್ದೇನೋ ಅಲ್ಲಿ ಹೇಳಿಬಿಡುತ್ತೇನೆ, ಬೇಕಾದವರು ತಿದ್ದಿಕೊಳ್ಳಲಿ.

ಮೊದಲು ಜಾಗ. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿದ್ದಾಗ ಈ ಸಂಸ್ಥೆಗೆ 100 ಎಕರೆ ನೆಲ, 30 ಲಕ್ಷ ರೂಪಾಯಿ ಕೊಡುತ್ತೇವೆಂದು ಮುಂದೆ ಬಂದರು. ಉಡುಪಿ ಕಡೆಯ ಟಿ.ಎ. ಪೈ ಆಡಳಿತ ಮಂಡಳಿಯ ಅಧ್ಯಕ್ಷರಾದರು. 1973ರ ಅಕ್ಟೋಬರ್ 28ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಬನ್ನೇರುಘಟ್ಟ ರಸ್ತೆಯ ಆ ನೂರು ಎಕರೆಯಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ ಕಟ್ಟಿದ್ದು ಒರಟು ಕಲ್ಲಿನ ಗೋಡೆಗಳ, ಉದ್ದುದ್ದ ಪಡಸಾಲೆಗಳ, ಅಲ್ಲಲ್ಲಿ ಆಕಾಶಕ್ಕೆ ತೆರೆದುಕೊಂಡ ಒಂದು ಪುಟ್ಟ ಊರನ್ನೇ. ಫತೇಪುರ್ ಸಿಕ್ರಿಯ ನೆನಪಲ್ಲಿ ಬರೆದ ನಕ್ಷೆ ಅದು. 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ಈ ಪಡಸಾಲೆಗಳ ಚಿತ್ರ ಜಗತ್ತೆಲ್ಲ ಸುತ್ತಿತು. ಬೆಳಕು ಬೀಳಲೆಂದು ಬಿಟ್ಟ ಜಾಗದಲ್ಲಿ ಎಲೆಯೂ ಬೀಳುತ್ತದೆ, ಮಳೆಯೂ ಬೀಳುತ್ತದೆ. ಚಿತ್ರದಲ್ಲಿ ಅದು ಸೊಗಸು, ಬೆಳಿಗ್ಗೆ ಆರಕ್ಕೆ ಪೊರಕೆ ಹಿಡಿದವರಿಗೆ ಕೆಲಸ.

ಎಷ್ಟು ಕೆಲಸ? ನೂರು ಎಕರೆ ಎಂದರೆ ನಾಲ್ಕು ಲಕ್ಷ ಚದರ ಮೀಟರಿಗೂ ಸ್ವಲ್ಪ ಹೆಚ್ಚು. ದಿನವೂ ಗುಡಿಸಬೇಕಾದದ್ದು ಅದರಲ್ಲಿ ಹತ್ತನೇ ಒಂದು ಪಾಲು ಎಂದುಕೊಳ್ಳೋಣ, 40 ಸಾವಿರ ಚದರ ಮೀಟರ್. ಪೊರಕೆಯ ಒಂದು ಬೀಸಿಗೆ ಅರ್ಧ ಚದರ ಮೀಟರ್ ಎಂದು ಧಾರಾಳವಾಗಿಯೇ ಹಿಡಿದರೂ ದಿನಕ್ಕೆ 80 ಸಾವಿರ ಬೀಸು. ವರ್ಷಕ್ಕೆ ಮೂರು ಕೋಟಿಗೆ ಒಂದಿಷ್ಟು ಕಡಿಮೆ. ಇದು ನೆಲಕ್ಕೆ ಮಾತ್ರ, ಮೆಟ್ಟಿಲು, ಶೌಚಾಲಯ, ಕಿಟಕಿ ಯಾವುದೂ ಸೇರಿಲ್ಲ.

ನನ್ನನ್ನು ಹೆಚ್ಚು ಬೆರಗಾಗಿಸಿದ್ದು ಮಾತ್ರ ಗೇಟಿನ ಲೆಕ್ಕ. ಗೇಟಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಒಬ್ಬ ಸೆಕ್ಯುರಿಟಿ. ನೋಡುವವರಿಗೆ ಅದು ಒಬ್ಬರ ಕೆಲಸ. ಆದರೆ ಗೇಟಿಗೆ ಭಾನುವಾರವಿಲ್ಲ, ರಾತ್ರಿಯಿಲ್ಲ, ಯುಗಾದಿಯೂ ಇಲ್ಲ. ವಾರಕ್ಕೆ 168 ಗಂಟೆ ಆ ಕುರ್ಚಿ ಖಾಲಿ ಇರಬಾರದು. ಕಾನೂನಿನ ಪ್ರಕಾರ ಒಬ್ಬರ ದುಡಿಮೆ ವಾರಕ್ಕೆ 48 ಗಂಟೆ. 168ನ್ನು 48ರಿಂದ ಭಾಗಿಸಿದರೆ ಮೂರೂವರೆ. ಜ್ವರ, ಊರಹಬ್ಬ, ತಂಗಿಯ ಮದುವೆ ಎಲ್ಲ ಸೇರಿಸಿದರೆ ನಾಲ್ಕು. ಅಂದರೆ ಒಂದು ಕುರ್ಚಿ ಎಂದರೆ ನಾಲ್ಕು ಜನ, ನಾಲ್ಕು ಸಂಸಾರ. ದೊಡ್ಡ ಆವರಣದಲ್ಲಿ ಗೇಟು, ಹಾಸ್ಟೆಲ್ಲು, ಗ್ರಂಥಾಲಯ, ಹಿಂಬದಿಯ ಕಾಂಪೌಂಡು ಎಂದು ಇಂಥ 20 ಕುರ್ಚಿಗಳಿದ್ದರೆ ಅದು 80 ಜನರ ಪಾಳಿ. ಜನರೇಟರು, ನೀರಿನ ಪಂಪು, ಕಂಪ್ಯೂಟರಿನ ಸರ್ವರ್ ಕೋಣೆ, ಇಡೀ ದಿನ ಎಚ್ಚರವಿರಬೇಕಾದ ಯಾವ ಜಾಗಕ್ಕೂ ಇದೇ ಲೆಕ್ಕ. ಪಾಠ ನಡೆಯುವುದು ದಿನಕ್ಕೆ ಕೆಲವು ಗಂಟೆ, ಆವರಣ ಎದ್ದಿರುವುದು ಇಪ್ಪತ್ತನಾಲ್ಕು ಗಂಟೆ. ಈ ವ್ಯತ್ಯಾಸವನ್ನು ತುಂಬುವವರೇ ಹಿಂಬದಿಯ ಜನ.

ಇನ್ನು ಊಟ. ಎರಡು ವರ್ಷದ ಕೋರ್ಸಿಗೆ ವರ್ಷಕ್ಕೆ ಸುಮಾರು 500 ಮಂದಿ, ಎರಡೂ ಬ್ಯಾಚು ಸೇರಿ ಸಾವಿರ ಎಂದು ದುಂಡಗೆ ಹಿಡಿಯೋಣ. ಬೇರೆ ಕೋರ್ಸಿನವರು, ಅತಿಥಿಗಳು, ಸಿಬ್ಬಂದಿ ಈ ಲೆಕ್ಕದ ಹೊರಗೆ. ಮೂರು ಹೊತ್ತಿಗೆ 3,000 ತಟ್ಟೆ. ತಟ್ಟೆಗೊಂದು ಲೋಟ, ಎರಡು ಬಟ್ಟಲು, ಒಂದು ಚಮಚ ಸೇರಿದರೆ ದಿನಕ್ಕೆ 15 ಸಾವಿರ ಪಾತ್ರೆ. ಒಂದೊಂದಕ್ಕೆ ಐದು ಸೆಕೆಂಡ್ ಎಂದರೂ 21 ಗಂಟೆ. ಯಂತ್ರ ತೊಳೆದರೂ ಜೋಡಿಸುವುದು, ತೆಗೆಯುವುದು ಕೈಯೇ. ಇಡ್ಲಿಯ ದಿನ ತಲೆಗೆ ನಾಲ್ಕರಂತೆ 4,000 ಇಡ್ಲಿ. ಹಿಟ್ಟು ಹಿಂದಿನ ದಿನವೇ ರುಬ್ಬಿಟ್ಟಿರಬೇಕು, ಬೆಳಿಗ್ಗೆ ಏಳರ ಹೊತ್ತಿಗೆ ಹಬೆ ಏಳಬೇಕು.

ಅಕ್ಕಿಯ ಲೆಕ್ಕಕ್ಕೆ ಬಂದರೆ ನಾವು ಹೇಮಾವತಿಯ ಅಚ್ಚುಕಟ್ಟಿಗೇ ಬಂದು ನಿಲ್ಲುತ್ತೇವೆ. ಒಬ್ಬರಿಗೆ ಹೊತ್ತಿಗೆ 100 ಗ್ರಾಂನಂತೆ ಎರಡು ಹೊತ್ತು, ಸಾವಿರ ಜನ, ದಿನಕ್ಕೆ ಎರಡು ಕ್ವಿಂಟಲ್. ರಜೆ ಕಳೆದು 300 ದಿನಕ್ಕೆ 600 ಕ್ವಿಂಟಲ್ ಅಕ್ಕಿ. ಗಿರಣಿಯಲ್ಲಿ ಭತ್ತದಿಂದ ಅಕ್ಕಿ ಇಳಿಯುವುದು ಸುಮಾರು ಮೂರನೇ ಎರಡು ಪಾಲು, ಹಾಗಾಗಿ 900 ಕ್ವಿಂಟಲ್ ಭತ್ತ. ಎಕರೆಗೆ 22-23 ಕ್ವಿಂಟಲ್ ಬಂದರೆ 40 ಎಕರೆ ಗದ್ದೆ. ನೂರು ಎಕರೆಯ ಕಲ್ಲಿನ ಆವರಣದ ಬೆನ್ನಿಗೆ ಬೇರೆಲ್ಲೋ ನಲವತ್ತು ಎಕರೆ ಕೆಸರುಗದ್ದೆ, ಅದರಲ್ಲಿ ಬೆನ್ನು ಬಗ್ಗಿಸಿ ನಾಟಿ ಹಾಕುವ ಹೆಂಗಸರು. ಅವರನ್ನು ಸಿಬ್ಬಂದಿ ಎನ್ನಲು ಬರುವುದಿಲ್ಲ, ನಿಜ. ಆದರೆ ಸಪ್ಲೈ ಚೈನ್ ಎಂದು ಅದೇ ಶಾಲೆಯಲ್ಲಿ ಒಂದು ವಿಷಯವನ್ನೇ ಪಾಠ ಮಾಡುತ್ತಾರಲ್ಲ!

ಕಾಗದ. ಈಗ ಎಲ್ಲವೂ ತೆರೆಯ ಮೇಲೆ. ಅದಕ್ಕೆ ಮುಂಚೆ ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ತಿರುಗಿಸಿದವರು, ಆಮೇಲೆ ಜೆರಾಕ್ಸ್ ಯಂತ್ರದ ಬಿಸಿಯಲ್ಲಿ ನಿಂತವರು ಇದ್ದರು. 500 ಜನ, ಒಂದು ವಿಷಯಕ್ಕೆ 20 ತರಗತಿ, ತರಗತಿಗೊಂದು 15 ಹಾಳೆಯ ಕೇಸ್ ಸ್ಟಡಿ ಎಂದರೆ ಒಂದೂವರೆ ಲಕ್ಷ ಹಾಳೆ. ಒಂದು ಅವಧಿಗೆ ಏಳು ವಿಷಯ ಎಂದರೆ ಹತ್ತೂವರೆ ಲಕ್ಷ. ಮಿಲಿಮೀಟರಿಗೆ ಹತ್ತು ಹಾಳೆಯಂತೆ ಒಂದರ ಮೇಲೊಂದು ಪೇರಿಸಿದರೆ 105 ಮೀಟರ್. ನಮ್ಮ ಶ್ರವಣಬೆಳಗೊಳದ ಗೊಮ್ಮಟ 58 ಅಡಿ. ಅಂಥ ಆರು ಗೊಮ್ಮಟರನ್ನು ಒಬ್ಬರ ತಲೆಯ ಮೇಲೊಬ್ಬರಂತೆ ನಿಲ್ಲಿಸಬೇಕು. ಒಂದೇ ಅವಧಿಗೆ, ಒಂದೇ ಬ್ಯಾಚಿಗೆ.

ಇಷ್ಟೆಲ್ಲ ಒಳಗೆ ಬಂದವರ ಲೆಕ್ಕ. ಬಾಗಿಲಲ್ಲೇ ನಿಂತವರದ್ದು ಬೇರೆ ಇದೆ. ಕ್ಯಾಟ್ ಪ್ರವೇಶ ಪರೀಕ್ಷೆಯನ್ನು ಐಐಎಂಗಳು ಸರದಿಯಲ್ಲಿ ನಡೆಸುತ್ತವೆ, 2022ರದು ಬೆಂಗಳೂರಿನ ಪಾಲಿಗೆ ಬಂದಿತ್ತು. ಆ ವರ್ಷ ನವೆಂಬರ್ 27ರ ಭಾನುವಾರ 154 ಊರುಗಳ 293 ಕೇಂದ್ರಗಳಲ್ಲಿ 2.22 ಲಕ್ಷ ಮಂದಿ ಪರೀಕ್ಷೆ ಬರೆದರು. 2011ರ ಜನಗಣತಿಯ ಹಾಸನ ನಗರದ ಅಷ್ಟೂ ಜನರಿಗಿಂತ ಹೆಚ್ಚು ಮಂದಿ. ಒಬ್ಬೊಬ್ಬರಿಗೆ ಎರಡು ಗಂಟೆಯಂತೆ ಒಟ್ಟು 4.44 ಲಕ್ಷ ಗಂಟೆ, ವರ್ಷದಲ್ಲಿ ಹೇಳಿದರೆ ಐವತ್ತಕ್ಕೂ ಹೆಚ್ಚು. ಅಂದಿಗೆ ಸಂಸ್ಥೆಗೇ 49 ವರ್ಷ. ಸಂಸ್ಥೆಯ ಇಡೀ ಆಯುಸ್ಸಿಗಿಂತ ಹೆಚ್ಚಿನ ಹೊತ್ತು ಒಂದೇ ಭಾನುವಾರದಲ್ಲಿ ಕರಗಿಹೋಯಿತು!

ಆ ಭಾನುವಾರ ದುಡಿದವರೆಷ್ಟು? ದಿನಕ್ಕೆ ಮೂರು ಪಾಳಿ, ಪಾಳಿಗೆ 74 ಸಾವಿರ. 25 ಜನಕ್ಕೊಬ್ಬ ಮೇಲ್ವಿಚಾರಕ ಎಂದರೂ ಸುಮಾರು 3,000. ಬಾಗಿಲಲ್ಲಿ ಗುರುತಿನ ಚೀಟಿ ನೋಡಿ, ಜೇಬು ತಡವಿ ಒಳಗೆ ಬಿಡಲು ತಲೆಗೆ ಅರ್ಧ ನಿಮಿಷ ಹಿಡಿದರೆ 1,850 ಗಂಟೆ, ಒಬ್ಬನೇ ನಿದ್ದೆಯಿಲ್ಲದೆ ತಡವುತ್ತ ನಿಂತರೆ 77 ದಿನ. ಫಲಿತಾಂಶ ಬಂದಾಗ ಸುದ್ದಿಯಾದದ್ದು ನೂರು ಪರ್ಸೆಂಟೈಲ್ ಪಡೆದ 11 ಮಂದಿ. ಆಗಲಿ ಬಿಡಿ, ಅವರ ಸಾಧನೆಯೇನೂ ಚಿಕ್ಕದಲ್ಲ.

ಇಲ್ಲಿಯತನಕ ಬೆಂಗಳೂರಿನ ಮಾತಾಯಿತು. ದೊಡ್ಡ ಸಂಸ್ಥೆಯಲ್ಲಿ ಈ ಭಾರ ಸಾವಿರ ತಲೆಗೆ ಹಂಚಿಹೋಗುತ್ತದೆ. ಜಿಲ್ಲಾ ಕೇಂದ್ರದಲ್ಲೋ ತಾಲ್ಲೂಕು ಮಟ್ಟದಲ್ಲೋ ಎಂಬಿಎ ತೆರೆದ ಸಣ್ಣ ಕಾಲೇಜಿನ ಗಣಿತ ಇದಕ್ಕಿಂತ ಕಠಿಣ. ವರ್ಷಕ್ಕೆ 60 ಸೀಟು, ಎರಡು ವರ್ಷಕ್ಕೆ 120 ಮಂದಿ. ಎಐಸಿಟಿಇಯ 20ಕ್ಕೊಬ್ಬ ಅಧ್ಯಾಪಕ ಎಂಬ ಮಾನದಂಡದಲ್ಲಿ ಆರು ಮೇಷ್ಟ್ರು ಸಾಕು. ಆದರೆ ವಿದ್ಯಾರ್ಥಿಗಳು ಕಡಿಮೆ ಎಂದು ಗೇಟಿನ ಗಂಟೆಗಳು ಕಡಿಮೆಯಾಗುವುದಿಲ್ಲ. ಬೆಂಗಳೂರಿನ ಗೇಟಿಗೂ ಹಾಸನದ ಗೇಟಿಗೂ ವಾರಕ್ಕೆ 168 ಗಂಟೆಯೇ. ಆರು ಜನ ಪಾಠ ಮಾಡಲು, ನಾಲ್ಕು ಜನ ಬರೀ ಗೇಟು ಕಾಯಲು! ಯಾವ ಸಣ್ಣ ಕಾಲೇಜು ನಾಲ್ವರಿಗೆ ಸಂಬಳ ಕೊಟ್ಟೀತು? ಅದಕ್ಕೇ ಇಂಥ ಕಡೆ ನಾವು ಕಾಣುವುದು ಒಬ್ಬನೇ ವಾಚ್‌ಮನ್. ಕಾಂಪೌಂಡಿನ ಮೂಲೆಯ ಶೀಟಿನ ಮನೆಯಲ್ಲೇ ಅವನ ಸಂಸಾರ. ಅವನು ಸಂತೆಗೆ ಹೋದಾಗ ಹೆಂಡತಿ ಗೇಟು ತೆಗೆಯುತ್ತಾಳೆ, ಅವಳು ಒಲೆ ಮುಂದೆ ಕೂತಾಗ ಮಗ. ನಾಲ್ಕು ಜನರ ಪಾಳಿಯನ್ನು ಒಂದು ಸಂಸಾರ ಒಂದೇ ಸಂಬಳದಲ್ಲಿ ತೀರಿಸುತ್ತದೆ. ಫೀಸು ಕಟ್ಟಿಸಿಕೊಳ್ಳುವ ಗುಮಾಸ್ತರೂ ಹಾಗೆಯೇ: ಅವರೇ ಪರೀಕ್ಷಾ ವಿಭಾಗ, ಅವರೇ ಸ್ಕಾಲರ್‌ಶಿಪ್ ವಿಭಾಗ, ಬಸ್ ಪಾಸಿನ ಅರ್ಜಿಗೆ ಸೀಲು ಒತ್ತುವವರೂ ಅವರೇ.

ದುಡ್ಡಿನ ಗುಣಾಕಾರ ಒಂದೇ ಒಂದು. 2022ರ ಸುಮಾರಿಗೆ ಬೆಂಗಳೂರು ಐಐಎಂನ ಎರಡು ವರ್ಷದ ಕೋರ್ಸಿನ ಶುಲ್ಕ ಹೆಚ್ಚುಕಡಿಮೆ 24.5 ಲಕ್ಷ. ತಿಂಗಳಿಗೆ 15 ಸಾವಿರ ದುಡಿಯುವ ಒಬ್ಬರು ಒಂದು ಪೈಸೆಯೂ ಖರ್ಚು ಮಾಡದೆ ಅಷ್ಟನ್ನು ಕೂಡಿಡಲು 163 ತಿಂಗಳು ಬೇಕು, ಹದಿಮೂರೂವರೆ ವರ್ಷ. ಅಷ್ಟರಲ್ಲಿ ಅವರ ಮುಂದೆ ಹದಿಮೂರು ಬ್ಯಾಚು ಓದಿ ಮುಗಿಸಿ ಗೇಟು ದಾಟಿರುತ್ತವೆ.

ಈಗ ಆನೇಕಲ್ ತಾಲ್ಲೂಕಿನ ಜಿಗಣಿ ಬಳಿ ಸಂಸ್ಥೆಗೆ ಇನ್ನೂ 110 ಎಕರೆಯ ಎರಡನೇ ಆವರಣ. ಅಲ್ಲಿ ಯಾವ ಕೋರ್ಸು, ಯಾರು ಪಾಠ ಮಾಡುತ್ತಾರೆ ಎಂಬುದನ್ನು ಆಡಳಿತ ಮಂಡಳಿ ಕೂತು ತೀರ್ಮಾನಿಸಲಿ. ಕುರ್ಚಿಗೆ ನಾಲ್ಕು ಜನ, ತಲೆಗೆ ನಾಲ್ಕು ಇಡ್ಲಿ, ದಿನಕ್ಕೆ ಇನ್ನೊಂದು 88 ಸಾವಿರ ಬೀಸು: ಈ ಲೆಕ್ಕಕ್ಕೆ ಯಾವ ಸಭೆಯೂ ಬೇಕಿಲ್ಲ.