ಶಿಫ್ಟ್ ಮುಗಿದ ಮೇಲೆ ಜಪಸರ

ನಮ್ಮ ಮನೆಯಲ್ಲಿ ರಾತ್ರಿಯ ಪ್ರಾರ್ಥನೆ ಎಷ್ಟು ಗಂಟೆಗೆ ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಅಪ್ಪ ಪೀಣ್ಯದಲ್ಲಿ ಲೇತ್ ಆಪರೇಟರ್. ಫಸ್ಟ್ ಶಿಫ್ಟ್ ಇದ್ದ ವಾರ ಎಂಟು ಗಂಟೆಗೆ, ಸೆಕೆಂಡ್ ಶಿಫ್ಟ್ ಇದ್ದರೆ ಅವರು ಬಂದು ಕೈಕಾಲು ತೊಳೆದ ಮೇಲೆ ಹತ್ತೂವರೆಗೆ, ನೈಟ್ ಶಿಫ್ಟ್ ಆದರೆ ಅವರು ಡಬ್ಬಿ ಹಿಡಿದು ಹೊರಡುವ ಮುಂಚೆ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ದಿನವಿಡೀ ಮಷೀನ್ ತುಳಿದು ಬಂದವಳಿಗೆ ಹತ್ತೂವರೆ ಎಂದರೆ ಅರ್ಧ ನಿದ್ದೆ. ಎಷ್ಟೋ ಸಲ ಜಪಸರ ಹಿಡಿದುಕೊಂಡೇ ತೂಕಡಿಸಿದ್ದಾಳೆ. ಅಜ್ಜಿ ಮೊಣಕೈಯಿಂದ ತಿವಿಯುತ್ತಾಳೆ, ತಮ್ಮ ನಗುತ್ತಾನೆ. ಇಷ್ಟಾದರೂ ಸಮಯ ಬದಲಾಗಿದೆಯೇ ಹೊರತು ಪ್ರಾರ್ಥನೆ ನಿಂತಿಲ್ಲ.

ದಾಸರಹಳ್ಳಿಯ ನಮ್ಮ ಬಾಡಿಗೆ ಮನೆ ಎಂದರೆ ಒಂದು ಹಾಲ್, ಒಂದು ಅಡುಗೆಮನೆ. ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯ ಪುಟ್ಟ ಹುಡುಗಿಗೆ ‘ನಮೋ ಮರಿಯ’ ಪೂರ್ತಿ ಬಾಯಿಪಾಠ. ಅವರು ಯುಗಾದಿಗೆ ಹೋಳಿಗೆ ಕಳಿಸುತ್ತಾರೆ, ಕ್ರಿಸ್‌ಮಸ್‌ಗೆ ನಮ್ಮ ಮನೆಯಿಂದ ಕಜ್ಜಾಯ ಹೋಗುತ್ತದೆ. ಗೋದಲಿ ಕಟ್ಟಲು ಹುಲ್ಲು ತಂದುಕೊಡುವವರೂ ಅವರೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜಪಸರದಲ್ಲಿ ಐದು ರಹಸ್ಯಗಳು, ಒಂದೊಂದಕ್ಕೆ ಹತ್ತು ಮಣಿ. ನಾವು ಮನೆಯಲ್ಲಿ ಐದು ಜನ, ಹಾಗಾಗಿ ತಲೆಗೊಂದು ರಹಸ್ಯ. ಮೂರನೆಯದು ಅಪ್ಪನದು. ಪ್ರತಿ ರಹಸ್ಯವೂ ಯೇಸು ಕಲಿಸಿದ ಪ್ರಾರ್ಥನೆಯಿಂದ ಶುರುವಾಗುತ್ತದೆ. ಮೊದಲ ಅರ್ಧವನ್ನು ನಡೆಸುವವರು ಹೇಳಬೇಕು, ಉಳಿದ ಅರ್ಧವನ್ನು ಮಿಕ್ಕವರೆಲ್ಲ ಸೇರಿ ಹೇಳಬೇಕು. ಅಂದಂದಿನ ಅನ್ನವನ್ನು ಬೇಡುವ ಮಾತು ಬರುವುದು ಆ ಎರಡನೆಯ ಅರ್ಧದಲ್ಲಿ.

2020ರ ಲಾಕ್‌ಡೌನ್‌ನಲ್ಲಿ ಅಪ್ಪನ ಕೆಲಸ ಹೋಯಿತು. ಶೆಡ್ ತೆರೆದ ಮೇಲೂ ಆರ್ಡರ್ ಇಲ್ಲ ಎಂದು ಹಳಬರನ್ನು ಕರೆಯಲಿಲ್ಲ. ಚರ್ಚುಗಳೂ ಮುಚ್ಚಿದ್ದವು. ಭಾನುವಾರದ ಪೂಜೆಯನ್ನು ನಾವು ಅಮ್ಮನ ಮೊಬೈಲಿನಲ್ಲಿ ನೋಡುತ್ತಿದ್ದೆವು. ಆಗಲೇ ಒಂದು ರಾತ್ರಿ ಅಪ್ಪ ಪ್ರಾರ್ಥನೆಗೆ ಕೂರಲಿಲ್ಲ. ತಲೆನೋವಿರಬೇಕು ಎಂದುಕೊಂಡೆವು. ಮರುದಿನವೂ ಕೂರಲಿಲ್ಲ. ಹಾಗೇ ವಾರಗಳು ಉರುಳಿದವು. ನಾವು ಹಾಲ್‌ನಲ್ಲಿ ಚಾಪೆ ಹಾಸಿ ಕೂತರೆ ಅವರು ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತಿರುತ್ತಿದ್ದರು. ಒಂದು ಮಾತೂ ಇಲ್ಲ.

ಅಮ್ಮ ಕರೆಯಲಿಲ್ಲ. ‘ದೇವರನ್ನು ಬಿಡಬೇಡಿ’ ಎಂದು ಉಪದೇಶವನ್ನೂ ಮಾಡಲಿಲ್ಲ. ನನಗೆ ಅದು ಆಗ ವಿಚಿತ್ರವೆನಿಸಿತ್ತು; ಈಗ ಯೋಚಿಸಿದರೆ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನಡೆದ ಅತಿ ದೊಡ್ಡ ಧರ್ಮಕಾರ್ಯ ಅದೇ ಅನ್ನಿಸುತ್ತದೆ. ಮೂರನೆಯ ರಹಸ್ಯಕ್ಕೆ ಬಂದಾಗ ಅಜ್ಜಿ ಒಂದು ಗಳಿಗೆ ಕಾಯುತ್ತಿದ್ದಳು, ಆಮೇಲೆ ತಾನೇ ಶುರುಮಾಡುತ್ತಿದ್ದಳು. ಅಪ್ಪನ ಪಾಲನ್ನು ತಮ್ಮನಿಗಾಗಲಿ ನನಗಾಗಲಿ ಕೊಡಲಿಲ್ಲ.

ಒಂದು ರಾತ್ರಿ ಅಜ್ಜಿ ಆ ಪ್ರಾರ್ಥನೆಯ ನಡುವೆ ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲೇ ಇಲ್ಲ. ಅಮ್ಮ ನೀರು ತರಲು ಎದ್ದಳು. ಅಷ್ಟರಲ್ಲಿ ಅಡುಗೆಮನೆಯಿಂದ ಅಪ್ಪನ ದನಿ ಅಜ್ಜಿ ಬಿಟ್ಟ ಕಡೆಯಿಂದ ಅರ್ಧವನ್ನು ಮುಗಿಸಿತು. ನಾವು ಉಳಿದರ್ಧ ಹೇಳಿದೆವು. ಅವರು ಅಲ್ಲಿಂದಲೇ ಹತ್ತು ಮಣಿಯನ್ನೂ ಬೆರಳಲ್ಲಿ ಎಣಿಸಿ ನಡೆಸಿದರು. ಕೆಲಸ ಇನ್ನೂ ಸಿಕ್ಕಿರಲಿಲ್ಲ. ಬೇರೊಂದು ಶೆಡ್‌ನಲ್ಲಿ, ಮೊದಲಿಗಿಂತ ಕಡಿಮೆ ಸಂಬಳಕ್ಕೆ, ಸಿಕ್ಕಿದ್ದು ಅದಾದ ಎರಡು ತಿಂಗಳಿಗೆ.

ಆಗೇಕೆ ಕೂರುತ್ತಿರಲಿಲ್ಲ ಎಂದು ಕಳೆದ ವರ್ಷ ಕೇಳಿದೆ. ‘ದೇವರ ಮೇಲೆ ಕೋಪ ಏನಿರಲಿಲ್ಲ ಕಣಪ್ಪಾ. ನಾನು ಅರ್ಧ ಹೇಳಿ ನಿಲ್ಲಿಸಿದ ಮೇಲೆ ನೀವು ನಾಲ್ಕೂ ಜನ ಅನ್ನ ಕೇಳ್ತೀರಲ್ಲ, ಅದು ನನ್ನನ್ನೇ ಕೇಳ್ದಂಗೆ ಆಗೋದು’ ಎಂದರು. ನಾನು ಬಾಲ್ಯದಿಂದ ಸಾವಿರಾರು ಸಲ ಹೇಳಿದ ಪ್ರಾರ್ಥನೆ ಅದು. ನಡೆಸುವವನ ಕಿವಿಗೆ ಅದು ಹೇಗೆ ಕೇಳಿಸಬಹುದು ಎಂದು ಯಾವ ಧರ್ಮೋಪದೇಶ ತರಗತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ನನ್ನ ಸರದಿ. ಬಿ.ಕಾಂ. ಮುಗಿಸಿ ಒಂಬತ್ತು ತಿಂಗಳು ಅಲೆದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಶಿಫ್ಟ್ ಇದೆ, ವಾರದ ರಜೆ ತಿರುಗುತ್ತಾ ಬರುತ್ತದೆ. ಒಂದು ತಿಂಗಳು ಮಂಗಳವಾರ, ಇನ್ನೊಂದು ತಿಂಗಳು ಗುರುವಾರ. ಭಾನುವಾರದ ಪೂಜೆಯ ಗತಿ ಏನೆಂದು ಅಜ್ಜಿಗೆ ಚಿಂತೆ. ನನಗೂ ಇತ್ತು, ಸುಳ್ಳೇಕೆ. ಅದಕ್ಕೇ ಸ್ವಲ್ಪ ಓದಿದೆ. ನಮ್ಮ ದೇಶದ ಕಾರ್ಮಿಕರಿಗೆ ಭಾನುವಾರದ ರಜೆ ಚರ್ಚಿನಿಂದ ಬಂದದ್ದು ಎಂದೇ ನಾನು ಅಂದುಕೊಂಡಿದ್ದೆ. ಆದರೆ ಅದಕ್ಕಾಗಿ ಹೋರಾಡಿದವರು ಬಾಂಬೆಯ ಗಿರಣಿ ಕಾರ್ಮಿಕರು. ಅವರ ಮುಂದಾಳು ಜ್ಯೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ. ಆ ರಜೆ ಸಿಕ್ಕಿದ್ದು 1890ರಲ್ಲಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯೂ ವಾರದ ಮೊದಲ ದಿನ ರಜೆ ಎನ್ನುತ್ತಿತ್ತು. ಆ ದಿನ ದುಡಿಸಿಕೊಂಡರೆ ಹಿಂದಿನ ಅಥವಾ ಮುಂದಿನ ಮೂರು ದಿನಗಳಲ್ಲಿ ಬದಲಿ ರಜೆ ಕೊಡಬೇಕಿತ್ತು. ಆಫೀಸುಗಳಿಗೆ ಅನ್ವಯಿಸುವ 1961ರ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ ವಾರಕ್ಕೊಂದು ರಜೆ ಕಡ್ಡಾಯ. ಕೆಲಸ ಹುಡುಕುತ್ತಿರುವ ಗೆಳೆಯರೇ, ಸಂದರ್ಶನದಲ್ಲಿ ಸಂಬಳದ ಜೊತೆ ವೀಕ್ಲಿ ಆಫ್ ಬಗ್ಗೆಯೂ ಬಾಯಿಬಿಟ್ಟು ಕೇಳಿ. ನಾನು ಕೇಳಿದೆ, ಯಾರೂ ಮುಖ ಸಿಂಡರಿಸಲಿಲ್ಲ.

ಚರ್ಚಿನ ಕಡೆಯಿಂದಲೂ ದಾರಿಯಿದೆ. ಶನಿವಾರ ಸಂಜೆಯ ಪೂಜೆಗೆ ಹೋದರೆ ಭಾನುವಾರದ ಕರ್ತವ್ಯ ತೀರಿದಂತೆ ಎಂದು 1983ರ ಚರ್ಚ್ ಕಾನೂನೇ ಹೇಳುತ್ತದೆ. ಇದನ್ನು ಅಜ್ಜಿಗೆ ಹೇಳಿದಾಗ, ‘ಅದು ನಿನ್ನ ಪೂಜೆ ಆಯ್ತು. ನಾವೆಲ್ಲ ಒಟ್ಟಿಗೆ ಹೋಗೋದು ಯಾವತ್ತು?’ ಎಂದಳು. ಇದಕ್ಕೆ ಯಾವ ಕಾಯ್ದೆಯಲ್ಲೂ ಉತ್ತರ ಸಿಗಲಿಲ್ಲ.

ಪೀಣ್ಯದಿಂದ ಹಸಿರು ಮಾರ್ಗ ಹತ್ತಿ, ಆರ್.ವಿ. ರಸ್ತೆಯಲ್ಲಿ ಇಳಿದು, ಹಳದಿ ಮಾರ್ಗ ಹಿಡಿಯಬೇಕು. 2025ರ ಆಗಸ್ಟ್‌ನಲ್ಲಿ ಆ ಮಾರ್ಗ ತೆರೆಯದಿದ್ದರೆ ನಾನು ಅಲ್ಲೇ ಪಿ.ಜಿ. ಹಿಡಿಯಬೇಕಾಗುತ್ತಿತ್ತು, ಆಗ ಮನೆಯ ಪ್ರಾರ್ಥನೆಯ ಮಾತೇ ಇರುತ್ತಿರಲಿಲ್ಲ. ಸೋಮವಾರದಿಂದ ಕೆಲಸ. ಮೊದಲ ತಿಂಗಳು ಸಂಜೆ ಏಳಕ್ಕೆ ಶಿಫ್ಟ್ ಮುಗಿಯುತ್ತದೆ, ಅಪ್ಪನಿಗೆ ಈ ವಾರ ಸೆಕೆಂಡ್ ಶಿಫ್ಟ್. ಅಮ್ಮ ಇಬ್ಬರ ಸಮಯವನ್ನೂ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು, ಪಕ್ಕದಲ್ಲಿ ಹತ್ತೂವರೆ ಎಂದು ಗುರುತು ಹಾಕಿದ್ದಾಳೆ.