ಡೇಟಾಗೆ ಸಿಕ್ಕಿದ್ದು, ಸಿಗದೇ ಹೋದದ್ದು

2021ರ ಆಗಸ್ಟ್ 12ರಂದು ಯಮಹಾ ಕಂಪನಿ ಹೊರಡಿಸಿದಂಥ ಪ್ರಕಟಣೆ ರೇಸಿನ ಲೋಕದಲ್ಲಿ ತೀರಾ ಅಪರೂಪ. ತನ್ನದೇ ಸವಾರ, ಸ್ಪೇನಿನ ಮೇವರಿಕ್ ವಿನ್ಯಾಲೆಸ್, ಎಂಜಿನ್‌ಗೆ ಗಂಭೀರ ಹಾನಿಯಾಗಬಹುದಾದ ರೀತಿಯಲ್ಲಿ ಬೈಕ್ ಓಡಿಸಿದ್ದಾರೆ, ಅದರಿಂದ ಅವರಿಗೂ ಉಳಿದ ಸವಾರರಿಗೂ ಅಪಾಯವಿತ್ತು, ಆದ್ದರಿಂದ ಈ ವಾರ ಅವರನ್ನು ಕಣಕ್ಕೆ ಇಳಿಸುವುದಿಲ್ಲ ಎಂದು ಅದು ಸಾರಿತು. ಎಂಟೇ ದಿನಕ್ಕೆ, ಆಗಸ್ಟ್ 20ರಂದು, ಎರಡೂ ಕಡೆಯವರು ಒಪ್ಪಂದ ಹರಿದುಕೊಂಡರು. ಸೀಸನ್ ಇನ್ನೂ ಅರ್ಧಕ್ಕೆ ಬಂದು ನಿಂತಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಕತಾರ್‌ನಲ್ಲಿ ನಡೆದ ಮೊದಲ ರೇಸನ್ನು ಇದೇ ಸವಾರ ಇದೇ ಬೈಕಿನ ಮೇಲೆ ಗೆದ್ದಿದ್ದರು.

ಪತ್ರಿಕೆಗಳು ಇದನ್ನು ಮುನಿಸು, ಅಹಂಕಾರ, ದುಡ್ಡು ಎಂದೆಲ್ಲ ಬರೆದವು. ಅವೆಲ್ಲ ಇದ್ದಿರಲೂಬಹುದು. ಆದರೆ ಯಮಹಾ ಮುಂದಿಟ್ಟ ಸಾಕ್ಷಿ ಮನುಷ್ಯರ ಮಾತಲ್ಲ, ಬೈಕಿನೊಳಗಿನ ದಾಖಲೆ. ಹಾಗಾಗಿ ಈ ಜಗಳವನ್ನು ಯಂತ್ರದ ಕಡೆಯಿಂದಲೂ ಓದಬಹುದು. ಓದಿದರೆ, ಸವಾರನೆಂಬ ಬಿಡಿಭಾಗ ಕಳಚಿದಾಗ ಬೈಕ್ ರೇಸಿನ ಅತಿ ಮೇಲಿನ ದರ್ಜೆಯಾದ ಮೋಟೋಜಿಪಿಯ ಬೈಕು ಏನಾಗುತ್ತದೆ ಎಂಬುದು ತಿಳಿಯುತ್ತದೆ.

ಮೊದಲು ಆರೋಪವನ್ನೇ ನೋಡೋಣ. ಆಗಸ್ಟ್ 8ರಂದು ಆಸ್ಟ್ರಿಯಾದ ರೆಡ್ ಬುಲ್ ರಿಂಗ್‌ನಲ್ಲಿ ರೇಸು ಶುರುವಾದ ಕೆಲವೇ ಸುತ್ತುಗಳಲ್ಲಿ ಇನ್ನೊಬ್ಬ ಸವಾರ ಡ್ಯಾನಿ ಪೆಡ್ರೋಸಾ ಬಿದ್ದರು. ಹಿಂದೆ ಬಂದ ಬೈಕು ಅವರ ಬೈಕಿಗೆ ಬಡಿದು ಬೆಂಕಿ ಹತ್ತಿತು. ಕೆಂಪು ಬಾವುಟ ಬೀಸಿ ಎಲ್ಲರನ್ನೂ ನಿಲ್ಲಿಸಿದರು. ಮತ್ತೆ ಹೊರಡುವ ಹೊತ್ತಿಗೆ ವಿನ್ಯಾಲೆಸ್ ಬೈಕು ಆಫ್ ಆಗಿ, ಅವರು ಪಿಟ್ ಲೇನ್‌ನಿಂದ ಎಲ್ಲರಿಗಿಂತ ಹಿಂದೆ ಹೊರಡಬೇಕಾಯಿತು. ರೇಸಿನುದ್ದಕ್ಕೂ ಬಾಲದಲ್ಲೇ ಉಳಿದ ಅವರು ಕೊನೆಯ ಸುತ್ತುಗಳಲ್ಲಿ ಎಂಜಿನ್ ಅನ್ನು ಅದರ ಮಿತಿಗೆ ಒತ್ತಿ ಒತ್ತಿ ಓಡಿಸಿದರು. ಕಟ್ಟಕಡೆಯ ಸುತ್ತು ಮುಗಿಸದೆ ಪಿಟ್‌ಗೆ ಬಂದುಬಿಟ್ಟರು. ಹತಾಶೆಯಲ್ಲಿ ಹಾಗೆ ಮಾಡಿದೆ ಎಂದು ಆಮೇಲೆ ಕ್ಷಮೆಯನ್ನೂ ಕೇಳಿದರು.

ಎಂಜಿನ್ ಅನ್ನು ಜೋರಾಗಿ ತಿರುಗಿಸಿದರೆ ಅಷ್ಟೊಂದು ಅನಾಹುತವೇ? ಸಿಗ್ನಲ್‌ನಲ್ಲಿ ಸುಮ್ಮನೆ ಆಕ್ಸಿಲರೇಟರ್ ತಿರುವುವ ಹುಡುಗರ ಬೈಕಿಗೆ ಏನೂ ಆಗುವುದಿಲ್ಲವಲ್ಲ? ಲೆಕ್ಕ ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತದೆ. 2012ರಿಂದ ಮೋಟೋಜಿಪಿ ಎಂಜಿನ್‌ಗಳ ಗಾತ್ರ 1000 ಸಿ.ಸಿ. ಸಿಲಿಂಡರ್ ನಾಲ್ಕಕ್ಕಿಂತ ಹೆಚ್ಚಿರುವಂತಿಲ್ಲ, ಸಿಲಿಂಡರಿನ ಅಡ್ಡಗಲ 81 ಮಿ.ಮೀ. ಮೀರುವಂತಿಲ್ಲ. ಈ ಅಳತೆಗಳನ್ನು ಪಾಲಿಸಿದರೆ ಪಿಸ್ಟನ್ ಮೇಲಿನಿಂದ ಕೆಳಗೆ ಸಾಗುವ ದೂರ 48.5 ಮಿ.ಮೀ. ಆಗುತ್ತದೆ. ಈ ಎಂಜಿನ್‌ಗಳು ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿನವರೆಗೆ ತಿರುಗಬಲ್ಲವು. ಅಂದರೆ ಸೆಕೆಂಡಿಗೆ 300 ಸುತ್ತು. ಒಂದೊಂದು ಸುತ್ತಿಗೂ ಪಿಸ್ಟನ್ ಮೇಲೊಮ್ಮೆ, ಕೆಳಗೊಮ್ಮೆ ಪೂರ್ತಿ ನಿಂತು ದಿಕ್ಕು ಬದಲಿಸಬೇಕು. ಸೆಕೆಂಡಿಗೆ 600 ಸಲ ನಿಂತೂ ಅದರ ಸರಾಸರಿ ವೇಗ ಗಂಟೆಗೆ 100 ಕಿ.ಮೀ. ದಾಟುತ್ತದೆ!

ಹೀಗೆ ಗಕ್ಕನೆ ನಿಂತು ಹಿಂದಿರುಗುವಾಗ ಪಿಸ್ಟನ್ ಅನುಭವಿಸುವ ವೇಗೋತ್ಕರ್ಷ ಗುರುತ್ವದ 10,000 ಪಟ್ಟಿಗೂ ಹೆಚ್ಚು. ಪಿಸ್ಟನ್ ತೂಕ 200 ಗ್ರಾಂ ಎಂದಿಟ್ಟುಕೊಂಡರೆ, ಆ ಕ್ಷಣದಲ್ಲಿ ಅದನ್ನು ಹಿಡಿದೆಳೆಯುವ ಕನೆಕ್ಟಿಂಗ್ ರಾಡ್ ಮೇಲೆ ಎರಡು ಟನ್‌ಗೂ ಹೆಚ್ಚಿನ ಭಾರ ಬೀಳುತ್ತದೆ. ಈ ಭಾರ ವೇಗದ ವರ್ಗದಂತೆ ಏರುತ್ತದೆ. 18,000ದ ಬದಲು 19,000 ಸುತ್ತು ತಿರುಗಿಸಿದರೆ ವೇಗ ಹೆಚ್ಚಿದ್ದು ಶೇ 5.5 ಅಷ್ಟೇ, ರಾಡಿನ ಮೇಲಿನ ಎಳೆತ ಶೇ 11ಕ್ಕೂ ಹೆಚ್ಚು. ಲೋಹಕ್ಕೆ ದಣಿವಿದೆ. ಇಂಥ ಪ್ರತಿಯೊಂದು ಎಳೆತವೂ ಅದರ ಆಯುಸ್ಸಿನಿಂದ ಒಂದಿಷ್ಟನ್ನು ಕಳೆಯುತ್ತದೆ.

ವಾಲ್ವ್‌ಗಳ ಪಾಡು ಇನ್ನೂ ಸೂಕ್ಷ್ಮ. ಸೆಕೆಂಡಿಗೆ 150 ಸಲ ಅವು ತೆರೆದು ಮುಚ್ಚಬೇಕು. ಆ ವೇಗಕ್ಕೆ ಉಕ್ಕಿನ ಸ್ಪ್ರಿಂಗ್ ಹಿಂದೆ ಬೀಳುತ್ತದೆ. ಆದ್ದರಿಂದ ಯಮಹಾದಂಥ ಕಂಪನಿಗಳು ಸ್ಪ್ರಿಂಗ್ ಬದಲು ಒತ್ತಡದಲ್ಲಿಟ್ಟ ಅನಿಲದಿಂದ ವಾಲ್ವ್ ಮುಚ್ಚಿಸುತ್ತವೆ. 1980ರ ದಶಕದಲ್ಲಿ ಫಾರ್ಮುಲಾ ಒನ್ ಕಾರುಗಳಿಗೆ ರೆನೊ ಕಂಪನಿ ತಂದ ಉಪಾಯವಿದು. ಡುಕಾಟಿ ಮಾತ್ರ ವಾಲ್ವ್ ತೆರೆಯಲೂ ಮುಚ್ಚಲೂ ಕ್ಯಾಮ್‌ನ ಯಾಂತ್ರಿಕ ಹಿಡಿತವನ್ನೇ ನೆಚ್ಚಿಕೊಂಡಿದೆ. ಯಾವ ಉಪಾಯಕ್ಕೂ ಒಂದು ಎಲ್ಲೆ ಇದ್ದೇ ಇದೆ. ಅದನ್ನು ದಾಟಿದಾಗ ವಾಲ್ವ್ ಮುಚ್ಚುವ ಮೊದಲೇ ಪಿಸ್ಟನ್ ಮೇಲೆ ಬಂದು ಗುದ್ದಿದರೆ ಎಂಜಿನ್ ಅಲ್ಲೇ ಚೂರು. ಒಡೆದ ಎಂಜಿನ್ ಚೆಲ್ಲುವ ಎಣ್ಣೆ ಮೊದಲು ತನ್ನದೇ ಹಿಂದಿನ ಟೈರಿಗೆ, ಆಮೇಲೆ ಹಿಂದೆ ಬರುವವರ ಹಾದಿಗೆ. ಪ್ರಕಟಣೆಯಲ್ಲಿ ಉಳಿದ ಸವಾರರ ಅಪಾಯದ ಮಾತು ಬಂದದ್ದು ಇದಕ್ಕೇ.

ಮಿತಿ ಮೀರದಂತೆ ತಡೆಯುವ ವ್ಯವಸ್ಥೆ ಇಲ್ಲವೆಂದಲ್ಲ. 2016ರಿಂದ ಎಲ್ಲ ತಂಡಗಳಿಗೂ ಒಂದೇ ಬಗೆಯ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಒಂದೇ ತಂತ್ರಾಂಶ. ಸುತ್ತು ಮಿತಿ ಮುಟ್ಟಿದೊಡನೆ ಅದು ಕಿಡಿ, ಇಂಧನಗಳನ್ನು ಕತ್ತರಿಸಿ ಎಂಜಿನ್ ಅನ್ನು ತಡೆಯುತ್ತದೆ. ಗೇರ್ ಏರಿಸದೆ ಸವಾರ ಹ್ಯಾಂಡಲ್ ಹಿಂಡಿಯೇ ಇದ್ದರೆ ಎಂಜಿನ್ ಮಿತಿಗೆ ಬಡಿದು ಹಿಮ್ಮೆಟ್ಟಿ ಮತ್ತೆ ಬಡಿಯುತ್ತದೆ. ಆ ಒದೆತ ಗೇರ್‌ಬಾಕ್ಸ್, ಚೈನ್‌ಗಳವರೆಗೂ ಹೋಗುತ್ತದೆ. ಎಂಜಿನ್‌ಗಳೇನೂ ಬೇಕಾದಷ್ಟು ಸಿಗುವುದಿಲ್ಲ. ಒಬ್ಬ ಸವಾರನಿಗೆ ಸೀಸನ್ನಿಗೆ ಇಂತಿಷ್ಟೇ ಎಂದು ಮೊಹರು ಹಾಕಿ ಕೊಡುತ್ತಾರೆ. ಮೊಹರು ಒಡೆದು ದುರಸ್ತಿ ಮಾಡುವಂತಿಲ್ಲ. ಎಂಜಿನಿಯರುಗಳು ಒಂದೊಂದು ಎಂಜಿನ್‌ಗೂ ಇಷ್ಟು ಕಿಲೋಮೀಟರ್ ಎಂದು ಆಯುಸ್ಸು ಹಂಚಿಟ್ಟು, ಜಿಪುಣರ ಹಾಗೆ ಖರ್ಚು ಮಾಡುತ್ತಾರೆ.

ಈ ಜಿಪುಣತನದ ಹಿಂದೆ ಯಮಹಾಗೆ ಕಹಿ ನೆನಪೂ ಇತ್ತು. 2020ರ ಜುಲೈನಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಅದರ ಎಂಜಿನ್‌ಗಳು ಕೈಕೊಟ್ಟವು. ತಪ್ಪು ವಾಲ್ವ್‌ಗಳದ್ದು. ಎರಡು ಬೇರೆ ಬೇರೆ ತಯಾರಕರ ವಾಲ್ವ್‌ಗಳನ್ನು ಅನುಮತಿಯಿಲ್ಲದೆ ಬಳಸಿದ್ದು ಬಯಲಾಗಿ ಕಂಪನಿ 50 ಅಂಕ ಕಳೆದುಕೊಂಡಿತು. ಎಂಜಿನ್ ಲೆಕ್ಕ ತಪ್ಪಿ ನವೆಂಬರ್‌ನಲ್ಲಿ ವೆಲೆನ್ಸಿಯಾದ ಒಂದು ರೇಸನ್ನು ಪಿಟ್ ಲೇನ್‌ನಿಂದ ಶುರು ಮಾಡಬೇಕಾದ ಸವಾರ ಇದೇ ವಿನ್ಯಾಲೆಸ್. ಸವಾರನ ಬಳಿಯೂ ಯಂತ್ರದ ಮೇಲೆ ದೂರುಗಳಿದ್ದವು. ಅದೇ ವರ್ಷದ ಆಗಸ್ಟ್‌ನಲ್ಲಿ, ಅದೇ ರೆಡ್ ಬುಲ್ ರಿಂಗ್‌ನಲ್ಲಿ, ಅವರ ಬೈಕಿನ ಬ್ರೇಕ್ ಪೂರ್ತಿ ಸತ್ತುಹೋಗಿತ್ತು. ಗಂಟೆಗೆ 200 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಅವರು ಬೈಕ್ ಬಿಟ್ಟು ಹಿಂದಕ್ಕೆ ಜಾರಿ ನೆಲಕ್ಕೆ ಬಿದ್ದು ಉಳಿದುಕೊಂಡರು. ಬೈಕು ತಡೆಗೋಡೆಗೆ ನುಗ್ಗಿ ಉರಿಯಿತು.

ಈಗ ಡೇಟಾ ವಿಷಯಕ್ಕೆ ಬರೋಣ. ಫಾರ್ಮುಲಾ ಒನ್‌ನಲ್ಲಿ ಕಾರು ಓಡುತ್ತಿರುವಾಗಲೇ ಅದರ ಅಂಕಿ ಅಂಶ ಪಿಟ್‌ಗೆ ಹರಿದುಬರುತ್ತದೆ. ಮೋಟೋಜಿಪಿಯಲ್ಲಿ ತಂಡಗಳಿಗೆ ಆ ಸವಲತ್ತಿಲ್ಲ. ಬೈಕು ಗ್ಯಾರೇಜಿಗೆ ಬಂದ ಮೇಲೆ ಮೆಕ್ಯಾನಿಕ್ ಒಂದು ಕೇಬಲ್ ಚುಚ್ಚಿ ದಾಖಲೆ ಇಳಿಸಿಕೊಳ್ಳಬೇಕು. ಪರದೆಯ ಮೇಲೆ ಒಂದರ ಕೆಳಗೊಂದು ಬಣ್ಣದ ಗೆರೆಗಳು ಮೂಡುತ್ತವೆ: ಎಂಜಿನ್ನಿನ ಸುತ್ತು, ಹ್ಯಾಂಡಲ್ ತಿರುವಿದ ಪ್ರಮಾಣ, ಎರಡೂ ಚಕ್ರಗಳ ವೇಗ, ಸಸ್ಪೆನ್ಷನ್ ಕುಸಿದ ಅಳತೆ, ಬ್ರೇಕಿನ ಒತ್ತಡ, ಬೈಕು ವಾಲಿದ ಕೋನ. ಹಿಂದಿನ ಚಕ್ರದ ಗೆರೆ ಮುಂದಿನದಕ್ಕಿಂತ ಒಂದಿಷ್ಟು ಮೇಲೆದ್ದಿದ್ದರೆ ಅಲ್ಲಿ ಟೈರು ಜಾರಿದೆ ಎಂದರ್ಥ. ಸುತ್ತಿನ ಗೆರೆ ಏರಿ, ಗೇರ್ ಬದಲಾದ ಗುರುತಿಲ್ಲದೆ ತುದಿಯಲ್ಲಿ ಗರಗಸದಂತೆ ಕಚ್ಚು ಕಚ್ಚಾಗಿದ್ದರೆ ಸವಾರ ಮಿತಿಗೆ ಒತ್ತಿ ಹಿಡಿದಿದ್ದಾನೆ ಎಂದರ್ಥ. ಅದರ ಪಕ್ಕದಲ್ಲಿ ಹ್ಯಾಂಡಲ್ಲಿನ ಗೆರೆಯೂ ಪೂರ್ತಿ ಮೇಲಿದ್ದರೆ ಯಂತ್ರವೇ ಕೆಟ್ಟಿತ್ತು ಎನ್ನಲು ಬರುವುದಿಲ್ಲ.

ಕೈ ಏನು ಮಾಡಿತು ಎಂಬುದನ್ನು ಈ ಗೆರೆಗಳು ಚಾಚೂ ತಪ್ಪದೆ ಹೇಳುತ್ತವೆ. ಟೈರಿನಲ್ಲಿ ಇನ್ನೆಷ್ಟು ಹಿಡಿತ ಬಾಕಿಯಿದೆ ಎಂಬುದನ್ನು ಹೇಳಲಾರವು. ಹಿಡಿತವನ್ನು ನೇರವಾಗಿ ಅಳೆಯುವ ಸೆನ್ಸರ್ ಇಲ್ಲ. ಟೈರು ಜಾರಿದ ಮೇಲೆ ಮಾತ್ರ ಎಲ್ಲೆ ಎಲ್ಲಿತ್ತೆಂದು ತಿಳಿಯುತ್ತದೆ. 60 ಡಿಗ್ರಿಗೂ ಹೆಚ್ಚು ವಾಲಿದ ಬೈಕಿನ ಮೇಲೆ ಆ ಎಲ್ಲೆಯನ್ನು ದಾಟುವ ಮೊದಲೇ ಗುರುತಿಸುವುದು ಸವಾರನ ಸೊಂಟ, ಅಂಗೈ, ಒಳಕಿವಿ. ಸವಾರರು ಇದನ್ನೇ ‘ಫೀಲಿಂಗ್’ ಎನ್ನುತ್ತಾರೆ. ಬೈಕಿನ ಕನಿಷ್ಠ ತೂಕ 157 ಕೆ.ಜಿ. ಟ್ಯಾಂಕಿನಲ್ಲಿ 22 ಲೀಟರ್ ಇಂಧನ. ಅದನ್ನೂ ಸೇರಿಸಿದರೂ ಓಡುವ ಒಟ್ಟು ತೂಕದ ಕಾಲುಭಾಗ ಸವಾರನದೇ. ಆ ಕಾಲುಭಾಗ ತಿರುವಿನಲ್ಲಿ ಒಂದಿಷ್ಟು ಮುಂದೆ ಜರುಗಿದರೂ ಹಿಂದಿನ ಟೈರಿನ ಹಿಡಿತ ಬದಲಾಗುತ್ತದೆ. ಅಂದರೆ ಸವಾರ ಯಂತ್ರದ ಸೆನ್ಸರ್ ಹೌದು, ನಿಯಂತ್ರಕ ಹೌದು, ತೂಕದ ಕಲ್ಲೂ ಹೌದು. ಅವನ ಮಾತು ಕೇಳಿಯೇ ಸಸ್ಪೆನ್ಷನ್, ಚಾಸಿ, ಇಸಿಯು ಎಲ್ಲವನ್ನೂ ತಿದ್ದಬೇಕು.

ವಿನ್ಯಾಲೆಸ್ ಪ್ರಕರಣದಲ್ಲಿ ಕೆಟ್ಟಿದ್ದು ಈ ಕೊಂಡಿ. 2021ರ ಜೂನ್‌ನಲ್ಲಿ ಅವರ ಮುಖ್ಯ ಎಂಜಿನಿಯರನ್ನೇ ಬದಲಿಸಲಾಯಿತು. ಆ ತಿಂಗಳು ಜರ್ಮನಿಯ ರೇಸಿನಲ್ಲಿ ಅವರು ಕಟ್ಟಕಡೆಯವರಾಗಿ ಗುರಿ ಮುಟ್ಟಿದರು. ಒಂದೇ ವಾರದ ನಂತರ ನೆದರ್‌ಲೆಂಡ್ಸ್‌ನ ಆಸೆನ್‌ನಲ್ಲಿ ಅತಿ ವೇಗದ ಅರ್ಹತಾ ಸುತ್ತು ಓಡಿಸಿ, ರೇಸಿನಲ್ಲಿ ಎರಡನೆಯವರಾದರು. ಮರುದಿನವೇ, 2022ರವರೆಗೆ ಒಪ್ಪಂದವಿದ್ದರೂ ವರ್ಷದ ಕೊನೆಗೆ ಹೊರಡುವುದಾಗಿ ಘೋಷಿಸಿದರು. ಅದೇ ಬೈಕು, ಅದೇ ಸವಾರ, ಫಲಿತಾಂಶ ಮಾತ್ರ ಆಕಾಶ–ಪಾತಾಳ. ಕಾರಣ ಕೇಳಿದರೆ ಹಿಡಿತ ಸಿಗುತ್ತಿಲ್ಲ ಎನ್ನುತ್ತಿದ್ದರು. ಪಕ್ಕದ ಗ್ಯಾರೇಜಿನಲ್ಲಿ ಫ್ರಾನ್ಸಿನ ಫಾಬಿಯೊ ಕ್ವಾರ್ಟರಾರೊ ಇದೇ ಎಂ1 ಬೈಕಿನಲ್ಲಿ ಗೆಲ್ಲುತ್ತಿದ್ದರು. ಆ ವರ್ಷದ ವಿಶ್ವ ಚಾಂಪಿಯನ್ ಅವರೇ. ಹೀಗಿರುವಾಗ ಎಂಜಿನಿಯರುಗಳು ಯಾರ ಫೀಲಿಂಗನ್ನು ನಂಬಬೇಕು?

ಅಂದಿನ ಎಂ1 ಬೈಕಿನ ಸ್ವಭಾವ ಅದರ ಎಂಜಿನ್ನಿನ ಅಂಗರಚನೆಯಲ್ಲೇ ಇತ್ತು. ನಾಲ್ಕು ಸಿಲಿಂಡರುಗಳು ಅಡ್ಡಸಾಲಿನಲ್ಲಿ ಕುಳಿತಿದ್ದವು. ಹಳೆಯ ವಿನ್ಯಾಸದಲ್ಲಿ ನಾಲ್ಕೂ ಪಿಸ್ಟನ್‌ಗಳು ಒಂದೇ ಗಳಿಗೆಯಲ್ಲಿ ತುದಿ ಮುಟ್ಟಿ ನಿಲ್ಲುತ್ತಿದ್ದವು. ಅವುಗಳ ಚಲನಶಕ್ತಿಯೆಲ್ಲ ಒಮ್ಮೆಗೇ, ಪಿಸ್ಟನ್‌ಗಳ ಓಟವನ್ನು ತಿರುಗಾಟವಾಗಿಸುವ ಕ್ರ್ಯಾಂಕ್‌ಗೆ ಹೋಗಿ, ಒಮ್ಮೆಗೇ ವಾಪಸು ಬರುತ್ತಿತ್ತು. ಈ ಏರಿಳಿತ ಹಿಂದಿನ ಚಕ್ರದವರೆಗೂ ತಲುಪಿ ಟೈರಿನ ನಿಜವಾದ ಸಂದೇಶವನ್ನು ಮಸುಕು ಮಾಡುತ್ತಿತ್ತು. ಯಮಹಾದ ಎಂಜಿನಿಯರ್ ಮಸಾವೊ ಫುರುಸಾವಾ ಅವರ ಮುಂದಾಳತ್ವದಲ್ಲಿ 2004ರ ಎಂ1ಗೆ ಕ್ರಾಸ್‌ಪ್ಲೇನ್ ಕ್ರ್ಯಾಂಕ್ ಬಂತು. ಅದರಲ್ಲಿ ಎರಡು ಪಿಸ್ಟನ್ ನಿಂತಾಗ ಇನ್ನೆರಡು ಪೂರ್ಣ ವೇಗದಲ್ಲಿರುತ್ತವೆ, ಒಂದರ ಏರಿಳಿತ ಇನ್ನೊಂದಕ್ಕೆ ವಜಾ ಆಗುತ್ತದೆ. ಎರಡು ಒನಕೆಗಳನ್ನು ಒಟ್ಟಿಗೆ ಹಾಕಿದರೆ ನೆಲ ಅದುರುತ್ತದೆ, ಒಬ್ಬರು ಎತ್ತಿದಾಗ ಇನ್ನೊಬ್ಬರು ಇಳಿಸಿದರೆ ಕುಟ್ಟಾಣಿ ಲಯಕ್ಕೆ ಬರುತ್ತದಲ್ಲ, ಹಾಗೆ. ವ್ಯಾಲೆಂಟಿನೊ ರೋಸ್ಸಿ ಆ ಬೈಕನ್ನು ಏರಿ ದಕ್ಷಿಣ ಆಫ್ರಿಕಾದಲ್ಲಿ ಮೊದಲ ರೇಸನ್ನೇ ಗೆದ್ದರು. ವರ್ಷದ ಕೊನೆಗೆ ಚಾಂಪಿಯನ್ ಪಟ್ಟವೂ ಬಂತು.

ಈ ವಿನ್ಯಾಸ ತಿರುವಿನಲ್ಲಿ ವೇಗ ಕಳೆಯದೆ ದೊಡ್ಡ ಬಿಲ್ಲಿನಾಕಾರದಲ್ಲಿ ಹರಿದುಹೋಗಲು ಹೇಳಿ ಮಾಡಿಸಿದ್ದು. ಡುಕಾಟಿ, ಹೋಂಡಾ, ಅಪ್ರಿಲಿಯಾ, ಕೆಟಿಎಂಗಳ ವಿ-4 ಎಂಜಿನ್‌ಗಳ, ಅಂದರೆ ನಾಲ್ಕು ಸಿಲಿಂಡರುಗಳು ‘ವಿ’ ಆಕಾರದಲ್ಲಿ ಕೂರುವ ಎಂಜಿನ್‌ಗಳ, ದಾರಿ ಬೇರೆ. ಅವುಗಳ ಕ್ರ್ಯಾಂಕ್ ಗಿಡ್ಡ, ಬಿಗಿ. ಬೇರಿಂಗ್ ಕಡಿಮೆ, ಹಾಗಾಗಿ ಘರ್ಷಣೆಯೂ ಕಡಿಮೆ, ಶಕ್ತಿ ಹೆಚ್ಚು. ತಡವಾಗಿ ಬ್ರೇಕ್ ಒತ್ತು, ಗಕ್ಕನೆ ತಿರುಗು, ನೆಟ್ಟಗೆ ನಿಲ್ಲಿಸಿ ಹಾರು ಎಂಬುದು ಅವುಗಳ ನಡೆ. ತುಂಬಿದ ಟ್ಯಾಂಕಿನ ಮೊದಲ ಸುತ್ತುಗಳಲ್ಲಿ ವಿ-4ಗಳು ಮುಂದೆ ಅಡ್ಡ ನಿಂತರೆ ಯಮಹಾ ಸವಾರನಿಗೆ ತನ್ನ ಬಿಲ್ಲು ಎಳೆಯಲು ಜಾಗವೇ ಸಿಗುತ್ತಿರಲಿಲ್ಲ. ಒಂಟಿಯಾಗಿ ಓಡುವಾಗ ಮಿಂಚುತ್ತಿದ್ದ ವಿನ್ಯಾಲೆಸ್ ಗುಂಪಿನಲ್ಲಿ ಮಂಕಾಗುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಹೀಗೆ ಬೈಕಿಗೂ ಮೈಗೂ ತಾಳ ಕೂಡದ ಕಥೆ ಇವರೊಬ್ಬರದೇ ಅಲ್ಲ. ಯಮಹಾದ ನಯದಲ್ಲಿ ಹೆಸರು ಮಾಡಿದ್ದ ಫ್ರಾನ್ಸಿನ ಯೋಹಾನ್ ಜಾರ್ಕೊ 2019ರಲ್ಲಿ ಕೆಟಿಎಂನ ವಿ-4 ಏರಿದರು. ಒಗ್ಗದೆ ಆಗಸ್ಟ್‌ನಲ್ಲೇ ಬಿಡುಗಡೆ ಕೇಳಿದರು. ಸೆಪ್ಟೆಂಬರ್‌ನಲ್ಲಿ ಕಂಪನಿ ಅವರನ್ನು ಇಳಿಸಿ ಬೇರೆಯವರನ್ನು ಕೂರಿಸಿತು. ಅದೇ ಜಾರ್ಕೊ 2021ರ ಕತಾರ್‌ನಲ್ಲಿ ಡುಕಾಟಿಯ ವಿ-4 ಮೇಲೆ ಗಂಟೆಗೆ 362.4 ಕಿ.ಮೀ. ವೇಗದ ದಾಖಲೆ ಬರೆದರು. ಸಿಲಿಂಡರ್ ಜೋಡಣೆಯೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಸ್ವಭಾವದ ಪಾತ್ರವನ್ನೂ ಅಲ್ಲಗಳೆಯುವಂತಿಲ್ಲ. 2012ರಲ್ಲಿ, ಹದಿನೇಳರ ಹರೆಯದಲ್ಲಿ, ಕೆಳದರ್ಜೆಯ ಮೋಟೋ3 ಪ್ರಶಸ್ತಿಯ ಪೈಪೋಟಿಯಲ್ಲಿದ್ದಾಗಲೇ ಮಲೇಷ್ಯಾದಿಂದ ತಂಡ ಬಿಟ್ಟು ಮನೆಗೆ ಹೊರಟವರು ಈ ವಿನ್ಯಾಲೆಸ್. ಮುಂದಿನ ರೇಸಿಗೆ ಮರಳಿದರು, ಮರುವರ್ಷ ಬೇರೆ ತಂಡದಲ್ಲಿ ಚಾಂಪಿಯನ್ ಆದರು. ಯಮಹಾ ಬಿಟ್ಟು ಅಪ್ರಿಲಿಯಾಗೆ ಹೋದ ಮೇಲೆ ಅವರ ಮೈ ಹೊಸ ಯಂತ್ರವನ್ನು ಮೊದಲಿನಿಂದ ಕಲಿಯಬೇಕಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ಆರಗಾನ್‌ನಲ್ಲಿ ಹೊಸ ತಂಡದ ಮೊದಲ ರೇಸು. ಮುಖ್ಯ ರೇಸಿನಲ್ಲಿ ಮೊದಲ ಗೆಲುವು ಬಂದದ್ದು 2024ರ ಏಪ್ರಿಲ್‌ನಲ್ಲಿ, ಅಮೆರಿಕದ ಆಸ್ಟಿನ್‌ನಲ್ಲಿ. ಸುಜುಕಿ, ಯಮಹಾ, ಅಪ್ರಿಲಿಯಾ ಮೂರರಲ್ಲೂ ಗೆದ್ದ ಅವರು, ಮೋಟೋಜಿಪಿ ಯುಗದಲ್ಲಿ ಮೂರು ಕಂಪನಿಗಳ ಬೈಕಿನಲ್ಲಿ ಗೆದ್ದ ಮೊದಲಿಗರಾದರು.

ಯಮಹಾದ ಕಥೆಯೂ ಅಲ್ಲಿಗೇ ನಿಲ್ಲಲಿಲ್ಲ. 2021ರ ಪಟ್ಟದ ನಂತರ ಗೆಲುವು ವಿರಳವಾಯಿತು. ಹಿಂದಿನ ಟೈರಿನಲ್ಲಿ ಹಿಡಿತವಿಲ್ಲ ಎಂದು ಈಗ ಕ್ವಾರ್ಟರಾರೊ ಕೂಡ ಹೇಳತೊಡಗಿದರು. 2025ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮಿಸಾನೊದಲ್ಲಿ ಯಮಹಾ ತನ್ನ ಹೊಸ ವಿ-4 ಬೈಕನ್ನು ಮೊದಲ ಸಲ ರೇಸಿಗಿಳಿಸಿತು. 2026ಕ್ಕೆ ಅಡ್ಡಸಾಲಿನ ಎಂಜಿನ್ನನ್ನೇ ಕೈಬಿಡಲು ನಿರ್ಧರಿಸಿತು. ಇದರಿಂದ ವಿನ್ಯಾಲೆಸ್ ಅಂದು ಮಾಡಿದ್ದು ಸರಿ ಎಂದಾಗುವುದಿಲ್ಲ, ಆ ಸುತ್ತುಗಳ ಗೆರೆಗಳು ಅಳಿಸುವಂಥವಲ್ಲ. ಆದರೆ ಚಾಂಪಿಯನ್ ಆದ ಸವಾರನ ಮೈಯೂ ಅದೇ ದೂರು ಹೇಳಿದಾಗ, ಮೊದಲು ಹೇಳಿದವನ ಮೈ ಸುಳ್ಳು ಹೇಳಿರಲಿಲ್ಲ ಎಂದು ಒಪ್ಪಬೇಕಾಗುತ್ತದೆ. ಕೈ ಮಾಡಿದ ತಪ್ಪು ಒಂದೇ ಸಂಜೆಯಲ್ಲಿ ಪರದೆಯ ಮೇಲೆ ಕಂಡಿತು. ಮೈ ಹೇಳಿದ ಮಾತಿಗೆ ಹೊಸ ಎಂಜಿನ್ನಿನಲ್ಲಿ ಉತ್ತರ ಹುಡುಕಲು ಯಮಹಾಗೆ ನಾಲ್ಕು ವರ್ಷ ಬೇಕಾಯಿತು.